ಶೆಪರ್ಡ್‌ಗೆ ಯಾರ ದನಿ ಚೆನ್ನ?

ಪ್ರಿಯ ಓದುಗರೇ,

ಹಾಸನದಿಂದ ನೀವು ಬರೆದ ಪತ್ರ ಕೈಸೇರಿತು. ಹಿಂದಿನ ಸಂಚಿಕೆಯಲ್ಲಿ ನಾವು 'ಮಾಸ್ ಎಫೆಕ್ಟ್' ಗೇಮ್ ಸರಣಿಯನ್ನು ಹೊಗಳಿದ್ದು ನಿಮಗೆ ಹಿಡಿಸಿಲ್ಲ. ಎಕ್ಸ್‌ಬಾಕ್ಸ್‌ನವರು ಸುಮ್ನೆ ಎತ್ತಿ ಕಟ್ಟಿದ ಕಥೆ ಅದು ಅನ್ನುತ್ತೀರಿ. ಕಥೆಯ ಮುಖ್ಯ ಪಾತ್ರ ಶೆಪರ್ಡ್ ಗಂಡೋ ಹೆಣ್ಣೋ ಅಂತ ಆರಿಸುವವರು ಆಡುವವರೇ. ಗಂಡು ಶೆಪರ್ಡ್‌ಗೆ ದನಿ ಕೊಟ್ಟ ಮಾರ್ಕ್ ಮೀರ್ ವಾರ್ತೆ ಓದಿದ ಹಾಗೆ ಮಾತಾಡುತ್ತಾರೆ, ಹೆಣ್ಣು ಶೆಪರ್ಡ್ ಆದ ಜೆನಿಫರ್ ಹೇಲ್ ಮುಂದೆ ಅವರು ಏನೂ ಅಲ್ಲ ಅನ್ನುತ್ತೀರಿ. ಮೂರನೇ ಭಾಗದ ಕೊನೆಗೆ ಅಭಿಮಾನಿಗಳು ಗಲಾಟೆ ಮಾಡಿದಾಗ ಗೇಮ್ ತಯಾರಿಸಿದ ಬಯೋವೇರ್ ಕಂಪನಿ ಬಗ್ಗಬಾರದಿತ್ತು ಅಂತಲೂ ಬರೆದಿದ್ದೀರಿ. ನಾವು ಮುಖ ನೋಡಿ ಮಣೆ ಹಾಕುತ್ತೇವೆ ಅನ್ನುವ ಮಾತೂ ಇದೆ.

ಇಷ್ಟರ ನಡುವೆ ನೀವು ಹಾಗೇ ಬರೆದುಬಿಟ್ಟ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ನೀವು ಈ ಸರಣಿ ಆಡಿದ್ದು ಸೋನಿಯ ಪ್ಲೇಸ್ಟೇಷನ್ 3 (ಪಿಎಸ್3) ಕನ್ಸೋಲ್‌ನಲ್ಲಿ, ಅದೂ ಎರಡನೇ ಭಾಗದಿಂದ.

ಮೊದಲ ಭಾಗ 2007ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂತು. ಹೊರತಂದಿದ್ದು ಎಕ್ಸ್‌ಬಾಕ್ಸ್‌ನ ಒಡೆಯ ಮೈಕ್ರೋಸಾಫ್ಟ್. ಪಿಎಸ್3 ಇದ್ದವರಿಗೆ ಸಿಕ್ಕಿದ್ದು 2011ರ ಜನವರಿಯಲ್ಲಿ, ಎರಡನೇ ಭಾಗ. ಹಿಂದಿನ ಕಥೆ ತಿಳಿಯಲಿ ಅಂತ ಜೊತೆಗೆ ಒಂದು ಚಿಕ್ಕ ಕಾಮಿಕ್ ಕೊಟ್ಟರು. ಮೊದಲ ಭಾಗ ಪಿಎಸ್3ಕ್ಕೆ ಬರುವಾಗ 2012ರ ಡಿಸೆಂಬರ್. ಅಷ್ಟರಲ್ಲಿ ಮೂರನೇ ಭಾಗವೂ ಬಂದು ಒಂಬತ್ತು ತಿಂಗಳಾಗಿತ್ತು!

ಇದರಿಂದ ಏನಾಯಿತು ನೋಡಿ. ವರ್ಮೈರ್ ಅನ್ನುವ ಗ್ರಹದಲ್ಲಿ ಶೆಪರ್ಡ್‌ನ ಸಂಗಾತಿಗಳಾದ ಆ್ಯಶ್ಲಿ, ಕೈಡನ್ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳಬಹುದು. ಮೊದಲ ಭಾಗ ಆಡಿದವರು ಆ ಹೊತ್ತಿಗೆ ಇಬ್ಬರ ಜೊತೆಗೂ ಗಂಟೆಗಟ್ಟಲೆ ಮಾತಾಡಿರುತ್ತಾರೆ. ಅವರ ಮನೆಯ ಸುದ್ದಿ, ಹಳೆಯ ನೋವು ಎಲ್ಲ ಗೊತ್ತಿರುತ್ತದೆ. ನಿಮಗೆ ಅದು ಆ ಕಾಮಿಕ್‌ನ ಎರಡು ಚಿತ್ರಗಳಲ್ಲಿ ಒಂದನ್ನು ಆರಿಸುವ ಕೆಲಸವಾಯಿತು, ಅಷ್ಟೇ.

ಅದೇ ಗ್ರಹದಲ್ಲಿ ಇನ್ನೊಬ್ಬ ಸಂಗಾತಿ ರೆಕ್ಸ್‌ನ ದೃಶ್ಯವೂ ಇದೆ. ಅವನ ಕ್ರೋಗನ್ ಜನಾಂಗದಲ್ಲಿ ಮಕ್ಕಳು ಹುಟ್ಟಿ ಉಳಿಯುವುದೇ ಅಪರೂಪ. ಅದಕ್ಕೆ ಮದ್ದು ಇರುವ ಪ್ರಯೋಗಾಲಯವನ್ನೇ ನೀವು ಸ್ಫೋಟಿಸಬೇಕು. ನೀರಿನ ದಡದಲ್ಲಿ ಅವನೂ ಶೆಪರ್ಡ್‌ನೂ ಬಂದೂಕು ಹಿಡಿದು ಎದುರುಬದುರು ನಿಲ್ಲುತ್ತಾರೆ. ಮಾತಿನಲ್ಲಿ ಒಲಿಸುವ ಶಕ್ತಿ ನಿಮಗೆ ಬೆಳೆದಿದ್ದರೆ ಅವನು ಇಳಿದು ಬರುತ್ತಾನೆ. ಇಲ್ಲವೇ, ಎಷ್ಟೋ ಹಿಂದೆ ಅವನ ಮನೆತನದ ಕವಚ ಹುಡುಕಿ ತಂದುಕೊಟ್ಟಿದ್ದರೂ ಸಾಕು, ಮಾತು ಕೇಳುತ್ತಾನೆ. ಎರಡೂ ಇಲ್ಲದಿದ್ದರೆ ಅವನು ಅಲ್ಲೇ ಸಾಯಬಹುದು. ನೀವು ಯಾರಿಗೋ ಮಾಡಿದ ಸಣ್ಣ ಉಪಕಾರ ಹೀಗೆ ಜೀವ ಉಳಿಸುವುದು ಗೇಮ್‌ನಲ್ಲಿ ಮಾತ್ರ ಬರೆಯಲು ಸಾಧ್ಯವಾಗುವಂಥ ಬರವಣಿಗೆ. ನಾವು ಹೊಗಳಿದ್ದು ಇದನ್ನು. ಎರಡು ಕಂಪನಿಗಳ ಪೈಪೋಟಿಯಲ್ಲಿ ನಿಮ್ಮ ಕೈಗೆ ಅರ್ಧ ಕಥೆ ಬಂತು. ಅದನ್ನಿಟ್ಟುಕೊಂಡು ಬರೆದವರನ್ನು ಬಯ್ಯುವುದು ಸರಿಯಲ್ಲ ಅಲ್ವಾ?

ಈಗ ದನಿಯ ವಿಚಾರ. ಹೇಲ್ ಮೇಲು, ಇದರಲ್ಲಿ ನಾನು ನಿಮ್ಮ ಕಡೆಯೇ. ಸಿಟ್ಟನ್ನು ದನಿ ಏರಿಸದೆ ತೋರಿಸುವುದು ಅವರಿಗೆ ಗೊತ್ತು. ಆದರೆ ಮೀರ್‌ಗೆ ಅನ್ಯಾಯ ಮಾಡಬೇಡಿ. ಈ ಗೇಮ್‌ನಲ್ಲಿ ಪ್ರತಿ ಸಲ ಏನು ಹೇಳಬೇಕು ಅಂತ ಆರಿಸುವವರು ನಾವು. ಒಬ್ಬರು ಮೊದಲು ಮೆತ್ತಗೆ ಮಾತಾಡಿರಬಹುದು, ಇನ್ನೊಬ್ಬರು ರೇಗಿರಬಹುದು. ಮುಂದಿನ ಡೈಲಾಗ್ ಎರಡಕ್ಕೂ ಹೊಂದಬೇಕು. ಹೀಗಿರುವಾಗ ನಟ ದನಿಯನ್ನು ನಡುಮಟ್ಟದಲ್ಲಿ ಹಿಡಿದರೆ ಅಚ್ಚರಿಯಿಲ್ಲ. ಮೂರನೇ ಭಾಗದಲ್ಲಿ ಕ್ರೋಗನ್‌ರ ಗ್ರಹವಾದ ಟುಚಾಂಕದ ಗೋಪುರದ ಬುಡದಲ್ಲಿ ವಿಜ್ಞಾನಿ ಗೆಳೆಯ ಮೋರ್ಡಿನ್‌ನನ್ನು ಬೀಳ್ಕೊಡುವಾಗ ಮೀರ್ ದನಿ ಕೇಳಿ. ಅಲ್ಲಿ ವಾರ್ತೆ ಓದುವ ಮನುಷ್ಯ ಇಲ್ಲ. ಜಾಸ್ತಿ ಜನ ಈ ಕಥೆ ಕೇಳಿರುವುದೂ ಅವರ ಬಾಯಿಂದಲೇ. ಸರಣಿಯ 2021ರ ಮರುಬಿಡುಗಡೆ 'ಲೆಜೆಂಡರಿ ಎಡಿಷನ್' ಬಗ್ಗೆ ಬಯೋವೇರ್ ಕೊಟ್ಟ ಲೆಕ್ಕದಲ್ಲಿ ಶೇ. 68ರಷ್ಟು ಮಂದಿ ಗಂಡು ಶೆಪರ್ಡ್‌ನನ್ನು ಆರಿಸಿದ್ದರು.

ಕೊನೆಯ ಗಲಾಟೆಯ ಬಗ್ಗೆ ನನ್ನ ಅಭಿಪ್ರಾಯ ನಿಮಗಿಂತ ಬೇರೆ. 2012ರ ಮಾರ್ಚ್‌ನಲ್ಲಿ ಮೂರನೇ ಭಾಗ ಬಂದಾಗ ಕೊನೆಯಲ್ಲಿ ಕೆಂಪು, ನೀಲಿ, ಹಸಿರು ಅಂತ ಮೂರು ದಾರಿ ಇತ್ತು. ಯಾವುದನ್ನು ಹಿಡಿದರೂ ಕಣ್ಣಿಗೆ ಕಾಣುವುದು ಹೆಚ್ಚುಕಡಿಮೆ ಒಂದೇ. ಅಭಿಮಾನಿಗಳು ಕೆನಡಾದ ಎಡ್ಮಂಟನ್‌ನಲ್ಲಿರುವ ಬಯೋವೇರ್ ಕಚೇರಿಗೆ ಅದೇ ಮೂರು ಬಣ್ಣದ 400ಕ್ಕೂ ಹೆಚ್ಚು ಕಪ್‌ಕೇಕ್ ಕಳಿಸಿದರು. ಬಣ್ಣ ಬೇರೆ, ರುಚಿ ಎಲ್ಲಕ್ಕೂ ಒಂದೇ. ಇಷ್ಟು ಸಭ್ಯವಾಗಿ, ಇಷ್ಟು ಚುರುಕಾಗಿ ಮಾಡಿದ ವಿಮರ್ಶೆ ನಾನು ಬೇರೆ ನೋಡಿಲ್ಲ. ಮಕ್ಕಳ ಆಸ್ಪತ್ರೆಗಳಿಗೆ ನೆರವಾಗುವ ಸಂಸ್ಥೆಗೆ ಇದೇ ಜನ 80,000 ಡಾಲರ್‌ಗೂ ಮೀರಿ ಹಣ ಕೂಡಿಸಿದರು. ಬರಹಗಾರರನ್ನು ವೈಯಕ್ತಿಕವಾಗಿ ಬೈದವರನ್ನು ನಾನು ಒಪ್ಪುವುದಿಲ್ಲ. ಆದರೆ ವಿವರಣೆ ಕೇಳಿದ್ದು ತಪ್ಪಲ್ಲ. ಜೂನ್‌ನಲ್ಲಿ ಕಂಪನಿ ಪುಕ್ಕಟೆಯಾಗಿ ಕೊಟ್ಟ ಹೆಚ್ಚುವರಿ ದೃಶ್ಯಗಳು ಕಥೆಯನ್ನು ತಿರುಗಿಸಿ ಬರೆಯಲಿಲ್ಲ, ಬಿಟ್ಟುಹೋಗಿದ್ದನ್ನು ತುಂಬಿದವು. ಅದನ್ನು ಬಗ್ಗುವುದು ಅನ್ನಲು ನನಗೆ ಮನಸ್ಸಿಲ್ಲ.

ಲೆಜೆಂಡರಿ ಎಡಿಷನ್‌ನಲ್ಲಿ ಮೂರೂ ಭಾಗ ಒಟ್ಟಿಗಿವೆ. ಪ್ಲೇಸ್ಟೇಷನ್ 4ರಲ್ಲೂ ಸಿಗುತ್ತದೆ, ಹೊಸ ಕನ್ಸೋಲ್ ಬೇಕಾಗಿಲ್ಲ. ಈ ಸಲ ಮೊದಲ ಭಾಗದಿಂದ ಶುರು ಮಾಡಿ. ದನಿ ಹೇಲ್ ಅವರದೇ ಇರಲಿ. ಮುಗಿಸಿದ ಮೇಲೆ ಮತ್ತೆ ಬರೆಯಿರಿ. ಆಗಲೂ ಕಥೆ ಸಪ್ಪೆ ಅನ್ನಿಸಿದರೆ ಕಾರಣ ಬಿಡಿಸಿ ಹೇಳಿ, ಒಂದು ಸಾಲೂ ಕತ್ತರಿಸದೆ ಅಚ್ಚು ಹಾಕುತ್ತೇವೆ.

– ಸಂಪಾದಕ