ಯೆಜ್ಡಿ ಹೆಡ್ ಹೆರೆಸಲಾ, ಬೇಡವಾ?

ಪ್ರಶ್ನೆ: ಅಪ್ಪನ ಕಾಲದ ಯೆಜ್ಡಿ 250 ಬೈಕ್ ಇದೆ. ಮೊದಲೆಲ್ಲ ಇಬ್ಬರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಸಲೀಸಾಗಿ ಹತ್ತುತ್ತಿತ್ತು, ಈಗ ಏದುಸಿರು ಬಿಡುತ್ತದೆ. ಹೆಡ್ (ಸಿಲಿಂಡರಿನ ಮುಚ್ಚಳ) ಬಿಚ್ಚಿ ಲೇತಿನಲ್ಲಿ ಅದರ ತಳ 1 ಮಿಮೀ ಹೆರೆಸಿದರೆ ಕಂಪ್ರೆಶನ್ (ಪಿಸ್ಟನ್ ಮಿಶ್ರಣವನ್ನು ಅದುಮುವ ಪ್ರಮಾಣ) ಏರಿ ಪಿಕಪ್ ಬರುತ್ತದೆ ಅನ್ನುತ್ತಾರೆ ಮೆಕ್ಯಾನಿಕ್. ಹೆರೆಸಲಾ?

ಉತ್ತರ: ಈಗಲೇ ಬೇಡ. ಹಿಂದೆ ಹತ್ತುತ್ತಿತ್ತು ಎಂದಿರಿ, ಅಲ್ವಾ? ಆಗಲೂ ಇದೇ ಹೆಡ್ ಇತ್ತು. ಸವೆದಿರುವುದು ಬೇರೇನೋ. ಪಿಸ್ಟನ್ ರಿಂಗ್, ಬೋರ್ (ಸಿಲಿಂಡರಿನ ಒಳಗಂಡಿ), ಕ್ರ್ಯಾಂಕ್ ಸೀಲ್ ನೋಡಿಸಿ. ಎರಡೂ ಸೈಲೆನ್ಸರ್ ಬಿಚ್ಚಿ ಒಳಗಿನ ಮಸಿ ತೆಗೆಸಿ, ಎಷ್ಟೋ ಗಾಡಿಗಳ ಕಾಯಿಲೆ ಅಲ್ಲೇ ಇರುತ್ತದೆ.

ಇನ್ನು ಲೆಕ್ಕ. ನಿಮ್ಮ ಗಾಡಿಯ ಬೋರ್ 65 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 75. 1 ಮಿಮೀ ಹೆರೆದರೆ ಪಿಸ್ಟನ್ ಮೇಲಿನ ಜಾಗ ಹೆಚ್ಚೆಂದರೆ 3.3 ಸಿಸಿ ಕಮ್ಮಿಯಾಗುತ್ತದೆ. ಕಂಪ್ರೆಶನ್ ಈಗ 8:1 ಇದೆ ಅಂದುಕೊಂಡರೆ 8.7:1 ಆಯಿತು. ಪುಸ್ತಕದ ಲೆಕ್ಕದಲ್ಲೇ ಇದರ ಲಾಭ ನೂರಕ್ಕೆ ಎರಡೂವರೆ, ರಸ್ತೆಯಲ್ಲಿ ನಿಮಗೆ ಗೊತ್ತಾಗುವುದು ಕಿಕ್ ಗಟ್ಟಿಯಾದದ್ದು ಮಾತ್ರ. ಆದರೆ ಶಾಖ ಜಾಸ್ತಿಯಾಗುತ್ತದೆ. ಇದು ಗಾಳಿಯಲ್ಲೇ ತಣ್ಣಗಾಗಬೇಕಾದ ಟೂ ಸ್ಟ್ರೋಕ್, ಬೆಟ್ಟ ಹತ್ತುವಾಗ ವೇಗ ಕಮ್ಮಿ, ಗಾಳಿಯೂ ಕಮ್ಮಿ, ಎಂಜಿನ್ ಮೇಲೆ ಭಾರ ಮಾತ್ರ ಪೂರ್ತಿ. ಅಂಥ ಹೊತ್ತಲ್ಲಿ ನಾಕಿಂಗ್ (ಮಿಶ್ರಣ ತಾನಾಗೇ ಸಿಡಿದು ಟಿಣ್ ಟಿಣ್ ಅನ್ನುವುದು) ಶುರುವಾಗಿ, ನೀವು ಗಮನಿಸದೆ ಥ್ರಾಟಲ್ ತಿರುವುತ್ತಾ ಹೋದರೆ, ಪಿಸ್ಟನ್ ನೆತ್ತಿ ತೂತಾಗಬಹುದು, ಇಲ್ಲವೇ ಸಿಲಿಂಡರಿನಲ್ಲಿ ಸಿಕ್ಕಿ ಸೀಜ್ ಆಗಿ ಹಿಂದಿನ ಚಕ್ರವೇ ಕಚ್ಚಿಕೊಳ್ಳಬಹುದು.

ಎಲ್ಲ ರಿಪೇರಿ ಆದ ಮೇಲೂ ಹೆರೆಸಲೇಬೇಕು ಅನ್ನಿಸಿದರೆ ಮೊದಲು ಅಳತೆ ಮಾಡಿ. ಮೆತ್ತನೆಯ ಸೋಲ್ಡರ್ ತಂತಿಯನ್ನು ಪ್ಲಗ್ ತೂತಿನಿಂದ ಸಿಲಿಂಡರ್ ಗೋಡೆಗೆ ತಾಗುವಂತೆ ಒಳಗಿಟ್ಟು, ನಿಧಾನಕ್ಕೆ ಕಿಕ್ ಒತ್ತಿ. ಅಪ್ಪಚ್ಚಿಯಾದ ತುದಿಯ ದಪ್ಪವೇ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಸಂದು. ಹೆರೆದ ಮೇಲೆ ಅದು 1 ಮಿಮೀಗಿಂತ ಕಮ್ಮಿಯಾಗುವ ಹಾಗಿದ್ದರೆ ನಾನಂತೂ ಹೆಡ್ ಮುಟ್ಟುವುದಿಲ್ಲ. ಒಂದೇ ಸಲ 1 ಮಿಮೀ ಬೇಡ, 0.3 ತೆಗೆಸಿ ಓಡಿಸಿ ನೋಡಿ. ಪ್ಲಗ್ ಕಿಡಿ ಹಾರುವ ಟೈಮಿಂಗ್ ಸ್ವಲ್ಪ ತಡ ಮಾಡಿಸಿ. ಈಗಿನ ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಹಾಗಾಗಿ ಪ್ಲಗ್ ಬಿಳಿಚಿಕೊಂಡಿದ್ದರೆ ಕಾರ್ಬ್ಯುರೇಟರಿನ ಮೇನ್ ಜೆಟ್ (ಪೆಟ್ರೋಲ್ ಬಿಡುವ ತೂತು) ಒಂದು ಸೈಜ್ ದೊಡ್ಡದು ಹಾಕಿಸಿ.

ಪ್ರಶ್ನೆ: ನಾನು ಆಗಲೇ ಹೆರೆಸಿಬಿಟ್ಟೆ, ಈಗ ಏರಿನಲ್ಲಿ ಟಿಣ್ ಟಿಣ್ ಸದ್ದು. ಹೊಸ ಹೆಡ್ಡೇ ಹುಡುಕಬೇಕಾ?

ಉತ್ತರ: ಸದ್ಯಕ್ಕೆ ಗಾಡಿ ನಿಲ್ಲಿಸಿ. ಮೊದಲು ಟೈಮಿಂಗ್ ನೋಡಿಸಿ. ಅದು ಸರಿಯಿದ್ದರೆ, ಹೆರೆದಷ್ಟೇ ದಪ್ಪದ ತಾಮ್ರದ ಹಾಳೆಯಲ್ಲಿ ಗ್ಯಾಸ್ಕೆಟ್ ಕತ್ತರಿಸಿ ಕೊಡುವವರು ಸಿಗುತ್ತಾರೆ, ಕಾಯಿಸಿ ಮೆತ್ತಗೆ ಮಾಡಿ ಕೂರಿಸಲು ಹೇಳಿ. ಹೆಡ್ ಬಿಚ್ಚಿದಾಗ ಪಿಸ್ಟನ್ ಅಂಚು ಮೊಳೆ ಚುಚ್ಚಿದ ಹಾಗಿದ್ದರೆ ಪಿಸ್ಟನ್ನೂ ಬದಲಾಯಿಸಬೇಕು.