ಅಂಗಡಿಯವರು ಸರಿಯಾಗಿ ಮಾತಾಡಿಸುವುದಿಲ್ಲ, ರೋಡ್ ಬೈಕನ್ನು ಆನ್‌ಲೈನ್‌ನಲ್ಲೇ ತರಿಸಿಬಿಡಲೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಮೊದಲ ಸಲ ರೋಡ್ ಬೈಕ್, ಅಂದರೆ ಡಾಂಬರು ರಸ್ತೆಯಲ್ಲಿ ವೇಗವಾಗಿ ಓಡಿಸುವ ಬಾಗಿದ ಹ್ಯಾಂಡಲ್ಲಿನ ಸೈಕಲ್, ಕೊಳ್ಳಲು ಹೊರಟಿದ್ದೀರಿ. ಎರಡು ಅಂಗಡಿಗೆ ಹೋದಿರಿ, ಎರಡರಲ್ಲೂ ಯಾರೂ ನೆಟ್ಟಗೆ ಮಾತಾಡಿಸಲಿಲ್ಲ. ಇವರ ಸಹವಾಸವೇ ಬೇಡ, ಆನ್‌ಲೈನ್‌ನಲ್ಲಿ ತರಿಸಿಬಿಡೋಣ ಅನ್ನಿಸಿದೆ. ಉಳಿದವರ ಅನುಭವ ಹೇಗಿತ್ತು ಎಂದು ಕೇಳುತ್ತಿದ್ದೀರಿ.

ಇನ್ನೂ ಒಂದೆರಡು ಅಂಗಡಿ ಹತ್ತಿಳಿಯಿರಿ ಅಂತಲೇ ನಾನು ಹೇಳುವುದು. ಆದರೆ ಈ ಸಲ ಅವರು ಎಷ್ಟು ನಯವಾಗಿ ಮಾತಾಡುತ್ತಾರೆ ಅನ್ನುವುದಕ್ಕಿಂತ, ನಿಮ್ಮನ್ನು ಏನು ಕೇಳುತ್ತಾರೆ ಅನ್ನುವುದನ್ನು ಗಮನಿಸಿ. ನಗುನಗುತ್ತಾ ತಪ್ಪು ಸೈಜ್ ಕಟ್ಟಿ ಕಳಿಸುವವರಿದ್ದಾರೆ. ಮುಖ ಗಂಟಿಕ್ಕಿಕೊಂಡೇ ಅಳತೆ ತೆಗೆದು ಸರಿಯಾದದ್ದನ್ನು ಕೊಡುವವರೂ ಇದ್ದಾರೆ.

ನನ್ನದು ಗಿಡ್ಡ ಮೈಕಟ್ಟು, ಕೈಬೆರಳುಗಳೂ ಚಿಕ್ಕವು. ಹುಡುಕಾಟ ಶುರು ಮಾಡಿದಾಗ ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ. ಅವನಿಗೆ ಸೈಕಲ್ಲಿನ ಗಂಧಗಾಳಿ ಇಲ್ಲ. ಸೈಕಲ್ ಬೇಕಾಗಿರುವುದು ನನಗೆ ಎಂದು ಬಾಗಿಲಲ್ಲೇ ಹೇಳಿದ್ದರೂ ಒಂದು ಅಂಗಡಿಯವರು ಕೊನೆಯ ತನಕ ಅವನ ಮುಖ ನೋಡಿಕೊಂಡೇ ಮಾತಾಡಿದರು. ಗೇರ್ ಬಗ್ಗೆ ನಾನು ಕೇಳಿದ ಪ್ರಶ್ನೆಗೆ ಉತ್ತರ ಹೋಗಿದ್ದು ಅವನಿಗೆ. ಕೊನೆಗೆ ನನ್ನ ಕಡೆ ತಿರುಗಿ, "ಹತ್ತಿ ನಿಂತ್ಕೊಳ್ಳಿ ಮೇಡಂ, ಎರಡೂ ಕಾಲು ನೆಲಕ್ಕೆ ತಾಗಿದ್ರೆ ಸೈಜ್ ಸರಿ ಅಂತ ಲೆಕ್ಕ" ಅಂದರು. ತಾಗಿತು. ಅಷ್ಟಕ್ಕೇ ಬಿಲ್ ಪುಸ್ತಕ ತೆಗೆದರು. ನಾನು ಎದ್ದು ಬಂದೆ. ಹಾಗೆ ಎದ್ದು ಬರಲು ಯಾರಿಗೂ ಸಂಕೋಚ ಬೇಕಾಗಿಲ್ಲ.

ಕಾಲು ನೆಲಕ್ಕೆ ತಾಗಿದರೆ ಸಾಲದು. ಫ್ರೇಮಿನ ಮೇಲೆ ಬರೆದಿರುವ 52, 54 ಎಂಬ ಅಂಕಿಗಳು ಮೊದಲು ಸೀಟ್ ಟ್ಯೂಬಿನ, ಅಂದರೆ ಸೀಟಿನ ಕೆಳಗೆ ನಿಂತಿರುವ ಫ್ರೇಮಿನ ಕೊಳವೆಯ, ಉದ್ದವನ್ನು ಸೆಂಟಿಮೀಟರಿನಲ್ಲಿ ಹೇಳುತ್ತಿದ್ದವು. ಮೇಲಿನ ಟ್ಯೂಬ್ ನೆಲಕ್ಕೆ ಸಮನಾಗಿ ಇರುತ್ತಿದ್ದ ಕಾಲದಲ್ಲಿ ಆ ಅಂಕಿಗೆ ಒಂದು ಅರ್ಥವಿತ್ತು. 1990ರ ದಶಕದ ಕೊನೆಯ ಹೊತ್ತಿಗೆ ಮೈಕ್ ಬರೋಸ್ ರೂಪಿಸಿದ ಜೈಂಟ್ ಟಿಸಿಆರ್ ಬಂತು, ಮೇಲಿನ ಟ್ಯೂಬ್ ಹಿಂದಕ್ಕೆ ಇಳಿಜಾರಾಯಿತು, ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಈಗ ಒಂದು ಕಂಪನಿಯ 54 ಇನ್ನೊಂದರ 54ಕ್ಕೆ ಹೊಂದುತ್ತದೆ ಎಂದು ನಂಬುವಂತಿಲ್ಲ. ಕೆಲವರು ಅಂಕಿ ಬಿಟ್ಟು ಅಂಗಿಯ ಹಾಗೆ ಸ್ಮಾಲ್, ಮೀಡಿಯಂ ಎಂದೇ ಬರೆಯುತ್ತಾರೆ. ನೋಡಬೇಕಾದ್ದು ಸ್ಟ್ಯಾಕ್ ಮತ್ತು ರೀಚ್. ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು) ತಿರುಗುವ ಅಚ್ಚಿನ ಮಧ್ಯದಿಂದ ಹೆಡ್ ಟ್ಯೂಬಿನ (ಹ್ಯಾಂಡಲ್ ಕೂರುವ ಮುಂದಿನ ಕೊಳವೆ) ಮೇಲ್ತುದಿ ನೇರ ಎಷ್ಟು ಎತ್ತರದಲ್ಲಿದೆ ಅನ್ನುವುದು ಸ್ಟ್ಯಾಕ್, ಎಷ್ಟು ಮುಂದಕ್ಕಿದೆ ಅನ್ನುವುದು ರೀಚ್. ನಿಮ್ಮ ಬೆನ್ನು ಎಷ್ಟು ಬಾಗಬೇಕು, ಕೈ ಎಷ್ಟು ಚಾಚಬೇಕು ಎಂಬುದು ಮುಖ್ಯವಾಗಿ ಈ ಎರಡರ ಮೇಲೆ ನಿಂತಿದೆ. ಸೀಟನ್ನು ಮೇಲೆ ಕೆಳಗೆ ಮಾಡಬಹುದು, ಫ್ರೇಮನ್ನು ಹಿಗ್ಗಿಸಲು ಕುಗ್ಗಿಸಲು ಆಗದು. ಈ ಎರಡು ಅಳತೆಯನ್ನು ಕಂಪನಿಯವರು ತಮ್ಮ ಪಟ್ಟಿಯಲ್ಲಿ ಕೊಟ್ಟಿರುತ್ತಾರೆ. ಅಂಗಡಿಯಲ್ಲಿ ಅದನ್ನು ಕೇಳಿದಾಗ ಎದುರಿನವರು ತೆಗೆದು ತೋರಿಸಿದರೆ ಅಲ್ಲಿ ಇನ್ನಷ್ಟು ಹೊತ್ತು ಕೂರಬಹುದು.

ನಾನು ಕೊನೆಗೆ ಕೊಂಡ ಅಂಗಡಿ ನೋಡಲು ಏನೂ ಚೆಂದವಿರಲಿಲ್ಲ. ಮುಂದುಗಡೆ ಸಾಲಾಗಿ ಸೈಕಲ್ಲುಗಳು, ಹಿಂದುಗಡೆ ಗ್ರೀಸ್ ವಾಸನೆಯ ವರ್ಕ್‌ಶಾಪ್. ಅಲ್ಲಿದ್ದವರು ಮೊದಲು ಕೇಳಿದ್ದು ನನ್ನ ಬಜೆಟ್ ಎಷ್ಟು ಅಂತ ಅಲ್ಲ. "ಈಗ ಯಾವ ಸೈಕಲ್ ಓಡಿಸ್ತೀರಿ? ಒಂದೇ ಸಮ ಎಷ್ಟು ಹೊತ್ತು ಸೀಟಿನ ಮೇಲೆ ಇರ್ತೀರಿ? ಇಳಿದ ಮೇಲೆ ಎಲ್ಲಾದ್ರೂ ನೋವು ಬರುತ್ತಾ?" ಮೂರನೆಯ ಪ್ರಶ್ನೆಗೆ, ಅಂಗೈ ಜೋಮು ಹಿಡಿಯುತ್ತದೆ ಎಂದೆ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ಚಪ್ಪಲಿ ಬಿಡಿಸಿ ಗೋಡೆಗೆ ಒರಗಿಸಿ ನಿಲ್ಲಿಸಿ, ಒಂದು ಗಟ್ಟಿ ರಟ್ಟಿನ ಪುಸ್ತಕ ಕೊಟ್ಟು, ತೊಡೆಸಂದಿಗೆ ಒತ್ತಿ ಹಿಡಿಯಲು ಹೇಳಿದರು. ಸೀಟಿನ ಮೇಲೆ ಕೂತಷ್ಟೇ ಗಟ್ಟಿಯಾಗಿ ಒತ್ತಬೇಕಂತೆ. ಪುಸ್ತಕದ ಮೇಲಂಚಿನಿಂದ ನೆಲದ ತನಕ ಟೇಪು ಹಿಡಿದು ಅಳೆದರು. ಅದು ಒಳಗಾಲಿನ ಅಳತೆ. ಅದನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕ್ ತಿರುಗುವ ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸುಮಾರಾಗಿ ಸಿಗುತ್ತದೆ. ಟೂರ್ ಡಿ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಓಡಾಡುತ್ತಿರುವ ಲೆಕ್ಕ ಇದು. ಇದೇ ಕೊನೆಯ ಮಾತಲ್ಲ, ಶುರು ಮಾಡಲು ಒಂದು ಗುರುತು ಎಂದು ಅವರೇ ಹೇಳಿದರು.

ನನ್ನ ಮನಸ್ಸು ಗೆದ್ದದ್ದು ಆಮೇಲಿನ ಕೆಲಸ. ಸೈಕಲ್ಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನನ್ನನ್ನು ಹತ್ತಿಸಿದರು. ಹ್ಯಾಂಡಲ್ಲಿನ ಕೆಳಗಿನ ಬಾಗು ಹಿಡಿದು ಬ್ರೇಕ್ ಒತ್ತಿ ಎಂದರು. ಬೆರಳ ತುದಿ ಮಾತ್ರ ಲಿವರ್‌ಗೆ ತಾಗುತ್ತಿತ್ತು. ಅಲೆನ್ ಕೀ ತಂದು ಲಿವರ್‌ನಲ್ಲಿ ಅಡಗಿದ್ದ ಒಂದು ಸಣ್ಣ ಸ್ಕ್ರೂ ತಿರುಗಿಸುತ್ತಾ ಹೋದಂತೆ ಲಿವರ್ ಹ್ಯಾಂಡಲ್ ಕಡೆಗೆ ಸರಿಯಿತು. ಬೆರಳಿನ ಮೊದಲ ಗೆಣ್ಣು ಲಿವರ್ ಮೇಲೆ ಕೂರುವ ತನಕ ಬಿಡಲಿಲ್ಲ, ಆಮೇಲೆ ಬ್ರೇಕಿನ ಕೇಬಲ್ಲನ್ನೂ ಅದಕ್ಕೆ ತಕ್ಕಂತೆ ಎಳೆದರು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಾಗದೆ ಹೆದರುವ ಎಷ್ಟೋ ಮಂದಿಗೆ ಇಂಥ ಒಂದು ಸ್ಕ್ರೂ ಇದೆ ಎಂಬುದೇ ಗೊತ್ತಿರುವುದಿಲ್ಲ. ಗೊತ್ತಿದ್ದು ಹೇಳದ ಅಂಗಡಿಯವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಇನ್ನೊಂದು ವಿಷಯವನ್ನು ನಾನು ಕೇಳದೆಯೇ ತೋರಿಸಿದರು. ಪೆಡಲ್‌ಗಳನ್ನು ನೆಲಕ್ಕೆ ಸಮನಾಗಿ ನಿಲ್ಲಿಸಿ, ಮುಂದಿನ ಚಕ್ರವನ್ನು ಒಂದು ಕಡೆಗೆ ತಿರುಗಿಸಿದಾಗ ನನ್ನ ಕಾಲ ತುದಿ ಟೈರಿಗೆ ತಾಗಿತು. "ಫ್ರೇಮ್ ಸಣ್ಣದು, ಚಕ್ರ ಮಾತ್ರ ಎಲ್ಲಾ ಸೈಜ್‌ಗೂ ಅದೇ 700ಸಿ. ಅದಕ್ಕೇ ಹೀಗೆ. ವೇಗವಾಗಿ ಓಡ್ತಾ ಇರುವಾಗ ಚಕ್ರ ಇಷ್ಟು ತಿರುಗಲ್ಲ. ತೀರಾ ನಿಧಾನವಾಗಿ ಸಣ್ಣ ತಿರುವು ತಗೊಳ್ಳುವಾಗ ಮಾತ್ರ ನೋಡ್ಕೊಳ್ಳಿ" ಎಂದರು. ಮಾರಬೇಕಾದ ವಸ್ತುವಿನ ಕುಂದನ್ನು ತಾವಾಗಿಯೇ ಹೇಳಿದವರ ಮಾತನ್ನು ನಾನು ಆಮೇಲೆ ಪ್ರತಿಯೊಂದರಲ್ಲೂ ನಂಬಿದೆ.

ಕೊನೆಯಲ್ಲಿ, ನನಗೆ ಹೊಂದುವ ಸೈಜ್ ಸದ್ಯ ಅವರಲ್ಲಿ ಇರಲಿಲ್ಲ. ಒಂದು ಸೈಜ್ ದೊಡ್ಡದು ಇತ್ತು. ಇದೇ ಮಾತಿಗೆ ಬೇರೆ ಅಂಗಡಿಯಲ್ಲಿ, "ಸ್ಟೆಮ್ ಚಿಕ್ಕದು ಹಾಕಿಕೊಟ್ರೆ ಆಯ್ತು" ಅಂದಿದ್ದರು (ಹ್ಯಾಂಡಲ್ಲನ್ನು ಸೈಕಲ್ಲಿಗೆ ಜೋಡಿಸುವ ಮುಂಚಾಚಿದ ತುಂಡೇ ಸ್ಟೆಮ್). ಇವರು, ತರಿಸಿಕೊಡುತ್ತೇನೆ, ಕಾಯಿರಿ ಎಂದರು. ಸ್ಟೆಮ್ ಬದಲಿಸುವುದು ತಪ್ಪಲ್ಲ. ಹತ್ತಿಪ್ಪತ್ತು ಮಿಲಿಮೀಟರ್ ಹೊಂದಿಸಲು ಅದು ಇರುವುದೇ. ಆದರೆ ದೊಡ್ಡ ಫ್ರೇಮನ್ನು ಸಣ್ಣವರಿಗೆ ಕೂರಿಸಲು ಸ್ಟೆಮ್ಮನ್ನು ತೀರಾ ಮೋಟು ಮಾಡಿದರೆ ಹ್ಯಾಂಡಲ್ ತಿರುಗುವ ಗುಣವೇ ಬದಲಾಗುತ್ತದೆ, ಕ್ರ್ಯಾಂಕಿನ ಉದ್ದ, ಹ್ಯಾಂಡಲ್ಲಿನ ಅಗಲ ಮಾತ್ರ ದೊಡ್ಡವರದ್ದೇ ಉಳಿದಿರುತ್ತದೆ. ಸ್ಟಾಕಿನಲ್ಲಿರುವುದನ್ನು ಖಾಲಿ ಮಾಡುವ ಆತುರ ಇರುವ ಕಡೆ ಈ ಸ್ಟೆಮ್ಮಿನ ಮಾತು ಬೇಗ ಬರುತ್ತದೆ, ಗಮನಿಸಿ.

ಗೇರ್ ಸೆಟ್ ವಿಚಾರಕ್ಕೆ ಹೆಚ್ಚು ಹೊತ್ತು ಕೊಡಬೇಡಿ. ಕ್ಲಾರಿಸ್, ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ ಎಂದು ಗೇರ್ ತಯಾರಿಸುವ ಶಿಮಾನೊ ಕಂಪನಿಯ ಸೆಟ್‌ಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತವೆ. ಮಾರುವವರಿಗೆ ಆ ಏಣಿಯ ಬಗ್ಗೆ ಮಾತಾಡುವುದು ಸುಲಭ, ಏಕೆಂದರೆ ಅದಕ್ಕೆ ನಿಮ್ಮ ಮೈ ಅಳೆಯಬೇಕಾಗಿಲ್ಲ. ಅಳತೆ ಕೂಡದ ಅಲ್ಟೆಗ್ರಾಕ್ಕಿಂತ ಅಳತೆ ಕೂಡಿದ ಸೋರಾ ಸಾವಿರ ಪಾಲು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಓಡಿಸಿ ನೋಡಲು ಕೊಡುತ್ತಾರೋ ಕೇಳಿ. ಕೊಡುವ ಮುನ್ನ ಸೀಟಿನ ಎತ್ತರ ಹೊಂದಿಸಿ, ಟೈರಿನ ಗಾಳಿ ನೋಡಿ ಕೊಟ್ಟರೆ ಅವರಿಗೆ ಕೆಲಸ ಗೊತ್ತಿದೆ. ಗಾಳಿ ಇಳಿದ ಟೈರಿನಲ್ಲಿ ಓಡಿಸಿದರೆ ಯಾವ ಸೈಕಲ್ಲಿನ ಬಗ್ಗೆಯೂ ಏನೂ ತಿಳಿಯುವುದಿಲ್ಲ. ಎಷ್ಟೋ ರೋಡ್ ಬೈಕ್‌ಗಳು ಪೆಡಲ್ ಇಲ್ಲದೆ ಬರುತ್ತವೆ, ಹಾಗಾಗಿ ಪೆಡಲ್ ಕೇಳಿದಾಗ ಬೇರೆ ದುಡ್ಡು ಅಂದರೆ ಅದನ್ನು ಮೋಸ ಎಂದುಕೊಳ್ಳಬೇಡಿ.

ಈಗ ಕೊಂಡ ಮೇಲಿನ ಸಂಗತಿ. ಅಂಗಡಿಯವರ ಗುಣ ಸರಿಯಾಗಿ ತಿಳಿಯುವುದು ಇಲ್ಲೇ. ಹೊಸ ಸೈಕಲ್ಲಿನ ಗೇರ್ ಕೇಬಲ್ಲು, ಅದರ ಹೊರಗಿನ ಕವಚ ಎಲ್ಲಾ ಮೊದಲ ಕೆಲವು ವಾರಗಳಲ್ಲಿ ತಮ್ಮ ಜಾಗದಲ್ಲಿ ಕೂರುತ್ತವೆ, ಕೇಬಲ್ ಸಡಿಲಾದಂತಾಗಿ ಗೇರ್ ತಪ್ಪಲು ಶುರುವಾಗುತ್ತದೆ. ಸೈಕಲ್ ಕೆಟ್ಟಿತು ಎಂದು ಗಾಬರಿ ಬೀಳಬೇಕಾಗಿಲ್ಲ. ಇದನ್ನು ಮೊದಲೇ ಹೇಳಿ, ಇಂಥ ಹೊತ್ತಿಗೆ ತಂದುಬಿಡಿ, ದುಡ್ಡಿಲ್ಲದೆ ಸರಿಮಾಡಿಕೊಡುತ್ತೇವೆ ಅನ್ನುವ ಅಂಗಡಿ ಒಳ್ಳೆಯ ಅಂಗಡಿ.

ನನ್ನ ಸೈಕಲ್ಲಿನಲ್ಲಿ ಕೆಲವು ತಿಂಗಳ ಮೇಲೆ ಪ್ರತಿ ತುಳಿತಕ್ಕೂ ಕಿರ್ ಎಂಬ ಸದ್ದು ಶುರುವಾಯಿತು. ಗೊತ್ತಿದ್ದವರೆಲ್ಲ ಬಾಟಮ್ ಬ್ರ್ಯಾಕೆಟ್ (ಕ್ರ್ಯಾಂಕಿನ ಅಚ್ಚು ತಿರುಗುವ ಬೇರಿಂಗ್) ಹೋಗಿದೆ, ಬದಲಾಯಿಸು ಎಂದರು. ಅಂಗಡಿಯ ಮೆಕ್ಯಾನಿಕ್ ಸ್ಪ್ಯಾನರ್ ಎತ್ತುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಎದ್ದು ನಿಂತು ತುಳಿದಾಗಲೂ ಬರುತ್ತಾ, ಕೂತಾಗ ಮಾತ್ರವಾ?" ಕೂತಾಗ ಮಾತ್ರ ಬರುತ್ತಿತ್ತು. ಅಂದರೆ ಸದ್ದು ಸೀಟಿನ ಕಡೆಯದು. ಸೀಟ್ ಪೋಸ್ಟನ್ನು ಹೊರಗೆಳೆದರು, ಅದರ ಸುತ್ತ ಧೂಳು ಬೆವರು ಸೇರಿ ಕರಕಲು ಹಿಡಿದಂತಾಗಿತ್ತು. ಒರೆಸಿ, ಹೊಸದಾಗಿ ಪೇಸ್ಟ್ ಹಚ್ಚಿ, ಎತ್ತರದ ಗುರುತಿಗೆ ಸುತ್ತಿದ್ದ ಟೇಪಿನ ತನಕ ಇಳಿಸಿ ಬೋಲ್ಟ್ ಬಿಗಿದರು. ಸದ್ದು ಹೋಯಿತು. ಹೊಸ ಬಾಟಮ್ ಬ್ರ್ಯಾಕೆಟ್ ಮಾರಬಹುದಾಗಿದ್ದ ಜಾಗದಲ್ಲಿ ಅವರು ಬಟ್ಟೆಯಿಂದ ಒರೆಸಿ ಕಳಿಸಿದರು.

ವರ್ಕ್‌ಶಾಪಿನ ಕಣ್ಣು ಎಷ್ಟು ಮುಖ್ಯ ಎಂಬುದಕ್ಕೆ ನನ್ನದಲ್ಲದ ಒಂದು ಉದಾಹರಣೆಯನ್ನೂ ಹೇಳಬೇಕು. 2023ರ ಸೆಪ್ಟೆಂಬರ್‌ನಲ್ಲಿ ಶಿಮಾನೊ ಕಂಪನಿ ತನ್ನ 11 ಸ್ಪೀಡಿನ ಕೆಲವು ಅಲ್ಟೆಗ್ರಾ, ಡ್ಯೂರಾ-ಏಸ್ ಕ್ರ್ಯಾಂಕುಗಳನ್ನು ತಪಾಸಣೆಗೆ ತರುವಂತೆ ಕರೆ ಕೊಟ್ಟಿತು. ಅಂಟಿಸಿ ಮಾಡಿದ ಕ್ರ್ಯಾಂಕಿನ ತೋಳು ಬಿಟ್ಟುಕೊಂಡು ಓಡಿಸುವವರು ಬೀಳುವ ಅಪಾಯವಿತ್ತು. ಅಮೆರಿಕ ಒಂದರಲ್ಲೇ ಅಂಥವು ಸುಮಾರು 6,80,000. ಎಲ್ಲರಿಗೂ ಹೊಸದು ಸಿಗಲಿಲ್ಲ. ಡೀಲರ್ ಅಂಗಡಿಗೆ ಒಯ್ಯಬೇಕು, ಅಲ್ಲಿ ಪರೀಕ್ಷಿಸಿ ಅಂಟು ಬಿಡುತ್ತಿರುವ ಲಕ್ಷಣ ಕಂಡರೆ ಮಾತ್ರ ಉಚಿತವಾಗಿ ಬದಲಿ. ಅಂದರೆ ಓಡಿಸುವವರ ಸುರಕ್ಷತೆ ಬಂದು ನಿಂತದ್ದು ಅಂಗಡಿಯ ಒಬ್ಬ ಮೆಕ್ಯಾನಿಕ್ ಎಷ್ಟು ಶ್ರದ್ಧೆಯಿಂದ ನೋಡುತ್ತಾರೆ ಅನ್ನುವುದರ ಮೇಲೆ.

ಆನ್‌ಲೈನ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಜರ್ಮನಿಯ ಕ್ಯಾನ್ಯನ್ ಕಂಪನಿ ನೇರವಾಗಿ ಗ್ರಾಹಕರಿಗೇ ಮಾರಿ ದೊಡ್ಡದಾಗಿ ಬೆಳೆದಿದೆ, ಅಲ್ಲಿ ತರಿಸಿಕೊಂಡು ಖುಷಿಯಾಗಿರುವವರು ಬಹಳ ಮಂದಿ. ಆದರೆ ಅವರಲ್ಲಿ ಹೆಚ್ಚಿನವರಿಗೆ ತಮ್ಮ ಅಳತೆ ಹಳೆಯ ಸೈಕಲ್ಲಿನಿಂದಲೇ ಗೊತ್ತಿರುತ್ತದೆ. ಪೆಟ್ಟಿಗೆಯಿಂದ ತೆಗೆದು ಹ್ಯಾಂಡಲ್ ಕೂರಿಸುವಾಗ ಸ್ಟೆಮ್ ಬೋಲ್ಟನ್ನು ಅದರ ಮೇಲೆ ಬರೆದಿರುವಷ್ಟೇ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಸುಮಾರು, ಬಿಗಿಯಬೇಕು. ಕಾರ್ಬನ್ ಭಾಗವಾದರೆ ಅಂದಾಜಿನ ಬಿಗಿತಕ್ಕೆ ಸೀಳು ಬಿಡಬಹುದು. ಸಾಗಣೆಯಲ್ಲಿ ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ತೂಗುವ ಹ್ಯಾಂಗರ್ ಬಾಗಿದ್ದರೆ ಗೇರ್ ಎಷ್ಟು ತಿರುಚಿದರೂ ಸರಿಹೋಗುವುದಿಲ್ಲ. ಅದನ್ನು ನೆಟ್ಟಗೆ ಮಾಡುವ ಅಳತೆ ಸಲಕರಣೆ ವರ್ಕ್‌ಶಾಪಿನಲ್ಲೇ ಇರುವುದು. ಹಾಗಾಗಿ ಆರ್ಡರ್ ಮಾಡುವ ಮುನ್ನ ಹತ್ತಿರದ ವರ್ಕ್‌ಶಾಪಿಗೆ ಫೋನ್ ಮಾಡಿ, ಬೇರೆ ಕಡೆ ಕೊಂಡ ಸೈಕಲ್ ಮುಟ್ಟುತ್ತೀರಾ ಎಂದು ಕೇಳಿಕೊಳ್ಳಿ. ಕೆಲವರು ಮುಟ್ಟುವುದಿಲ್ಲ. ಫ್ರೇಮಿನ ಗ್ಯಾರಂಟಿ ಎಷ್ಟೋ ಕಂಪನಿಗಳಲ್ಲಿ ಮೊದಲು ಕೊಂಡವರಿಗೆ ಮಾತ್ರ, ಬಿಲ್ ಜೋಪಾನ.

ನೀವು ಹೋದ ಆ ಎರಡು ಅಂಗಡಿಗಳ ಬಗ್ಗೆ: ರಜಾದಿನ ಸಂಜೆ ಹೋಗಿದ್ದಿರಾದರೆ ಒಮ್ಮೆ ವಾರದ ನಡುವೆ, ಬೆಳಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋಗಿ ನೋಡಿ. ಸಂತೆಯಂಥ ಗದ್ದಲದಲ್ಲಿ ಒಳ್ಳೆಯ ಮೆಕ್ಯಾನಿಕ್ ಕೂಡ ಯಾರಿಗೂ ಅರ್ಧ ಗಂಟೆ ಕೊಡಲಾರರು. ಹೋದ ತಕ್ಷಣ, "ಇದು ನನ್ನ ಮೊದಲನೇ ರೋಡ್ ಬೈಕ್, ಅಳತೆ ತೆಗೆದು ಹೇಳ್ತೀರಾ?" ಎಂದು ನೇರವಾಗಿ ಕೇಳಿ. ಆಗಲೂ ಅಳತೆ ತೆಗೆಯದೆ ಬೆಲೆ ಹೇಳಲು ಶುರು ಮಾಡಿದರೆ ನಮಸ್ಕಾರ ಹೇಳಿ ಬನ್ನಿ. ಹೊಸಬರನ್ನು ಕಡೆಗಣಿಸುವ ಅಂಗಡಿಗಳಿಂದ ಎಷ್ಟೋ ಜನ ಸೈಕಲ್ಲಿನ ಆಸೆಯನ್ನೇ ಬಿಟ್ಟು ಮನೆಗೆ ಹೋಗುತ್ತಾರೆ, ನಿಮಗೆ ಹಾಗಾಗಬಾರದು.

ಒಳಗಾಲಿನ ಅಳತೆಯನ್ನು ಮನೆಯಲ್ಲೇ ಗೋಡೆಗೆ ನಿಂತು ತೆಗೆದುಕೊಳ್ಳಬಹುದು, ಟೇಪು ಹಿಡಿಯಲು ಇನ್ನೊಬ್ಬರಿರಲಿ. ಅದರ ಜೊತೆ ನಿಮ್ಮ ಎತ್ತರ, ನೋಡಿಟ್ಟಿರುವ ಮಾಡೆಲ್‌ಗಳ ಸ್ಟ್ಯಾಕ್, ರೀಚ್ ಇಲ್ಲಿ ಕೆಳಗೆ ಬರೆಯಿರಿ. ಯಾವ ಎರಡು ಸೈಜ್ ಹತ್ತಿ ನೋಡಬೇಕು ಎಂದು ಹೇಳಬಲ್ಲೆ.