ಡಿವೋರ್ಸ್ ಆದಮೇಲೆ ಮನೆ ಸಾಲ: ಮೊದಲು ಹಳೆ ಸಾಲದಿಂದ ಹೆಸರು ಬಿಡಿಸಿಕೊಳ್ಳಿ

ನೀವು ಕೇಳಿದ್ದು ಇಷ್ಟು: ವಯಸ್ಸು 46, ಡಿವೋರ್ಸ್ ಆಗಿ ಒಂದು ವರ್ಷ, ಮಂಗಳೂರಲ್ಲಿ ಕೆಲಸ, ಮಗಳು ಪಿಯುಸಿ ಓದುತ್ತಿದ್ದಾಳೆ, ಒಬ್ಬಳೇ ಹೋಗಿ ಕೇಳಿದರೆ ಬ್ಯಾಂಕಿನವರು ಮನೆ ಸಾಲ ಕೊಡ್ತಾರಾ ಅಂತ.

ಕೊಡ್ತಾರೆ ಮಾರಾಯ್ರೆ. ನಾನು 47ಕ್ಕೆ ತೆಗೆದುಕೊಂಡೆ. ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಲೆಕ್ಕ ನೋಡುವ ಕೆಲಸ ನನ್ನದು. ಈಗ ಕಾವೂರಿನ ಹತ್ತಿರ ಎರಡು ಬೆಡ್‌ರೂಮಿನ ಹಳೆ ಫ್ಲಾಟಿನಲ್ಲಿ ನಾನು, ಮಗ ಇದ್ದೇವೆ. ನನಗೆ ಅಡ್ಡ ಬಂದದ್ದು ವಯಸ್ಸೂ ಅಲ್ಲ, ಡಿವೋರ್ಸೂ ಅಲ್ಲ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ, ವಕೀಲರೂ ಹೇಳಲಿಲ್ಲ.

ಮದುವೆಯಾಗಿದ್ದಾಗ ನಾನು, ಗಂಡ ಇಬ್ಬರೂ ಸೇರಿ ಒಂದು ಫ್ಲಾಟಿಗೆ ಸಾಲ ಮಾಡಿದ್ದೆವು. ಡಿವೋರ್ಸಿನ ಒಪ್ಪಂದದಲ್ಲಿ ಫ್ಲಾಟ್ ಅವರಿಗೆ, ಕಂತು ಕಟ್ಟುವುದೂ ಅವರೇ ಅಂತ ಬರೆದಿತ್ತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಎರಡು ವರ್ಷ ಬಿಟ್ಟು ಹೊಸ ಸಾಲ ಕೇಳಲು ಹೋದಾಗ ಬ್ಯಾಂಕಿನ ಅಧಿಕಾರಿ ಕಂಪ್ಯೂಟರ್ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ತಿಂಗಳಿಗೊಂದರಂತೆ ಸಣ್ಣ ಚೌಕಗಳು, 000, 000, 000, ಮಧ್ಯೆ ಒಂದು ಕಡೆ 034, ಸ್ವಲ್ಪ ಮುಂದೆ 031. ಅಂದರೆ ಕಂತು ಅಷ್ಟು ದಿನ ತಡ. ಕಟ್ಟದೆ ಬಿಟ್ಟದ್ದು ಮಾಜಿ ಗಂಡ, ಬಿದ್ದದ್ದು ನನ್ನ ಸಿಬಿಲ್ ಸ್ಕೋರ್, ಅಂದರೆ ಸಾಲ ಸರಿಯಾಗಿ ಕಟ್ಟುತ್ತೇವಾ ಅಂತ ಬ್ಯಾಂಕಿನವರು ನೋಡುವ ಅಂಕ. 691 ಇತ್ತು. 750 ದಾಟಿದ್ದರೆ ಬ್ಯಾಂಕಿನವರಿಗೆ ನೆಮ್ಮದಿ.

ಫೈಲಿನಿಂದ ಕೋರ್ಟಿನ ಆದೇಶದ ಪ್ರತಿ ತೆಗೆದು ಮುಂದಿಟ್ಟೆ. ಅವರು ಪೂರ್ತಿ ಓದಿದರು. ಆಮೇಲೆ ಮೆಲ್ಲಗೆ, "ಮೇಡಂ, ಇದು ನಿಮ್ಮಿಬ್ಬರ ಮಧ್ಯದ ಮಾತು. ಸಾಲ ಕೊಟ್ಟ ಬ್ಯಾಂಕ್ ಇದಕ್ಕೆ ಸಹಿ ಹಾಕಿಲ್ಲ ಅಲ್ವಾ?" ಅಂದರು. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಅತ್ತುಬಿಟ್ಟೆ. ಆದರೆ ಅವರು ಹೇಳಿದ್ದು ಸರಿ. ಜಾಯಿಂಟ್ ಸಾಲದಲ್ಲಿ ಹೆಸರು ಇರುವ ತನಕ ಪೂರ್ತಿ ಸಾಲಕ್ಕೆ ಇಬ್ಬರೂ ಹೊಣೆ, ಯಾರು ಕಟ್ಟಬೇಕು ಅಂತ ಮನೆಯಲ್ಲಿ ಏನೇ ಮಾತಾಗಿದ್ದರೂ.

ಸ್ಕೋರ್ ಒಂದೇ ಅಲ್ಲ. ಆ ಹಳೆ ಕಂತು 18,000 ರೂಪಾಯಿಯನ್ನು ನನ್ನ ಖರ್ಚಿಗೇ ಸೇರಿಸಿ ಲೆಕ್ಕ ಹಾಕಿದರು. ಸಾಮಾನ್ಯವಾಗಿ ಎಲ್ಲ ಕಂತು ಸೇರಿ ಸಂಬಳದ ಅರ್ಧ ದಾಟಬಾರದು ಅಂತ ನೋಡುತ್ತಾರೆ. ಅದರಲ್ಲಿ 18,000 ಹೋದರೆ ಸುಮಾರು 17 ಲಕ್ಷದ ಸಾಲ ಕೈತಪ್ಪಿದ ಹಾಗೆ.

ಇದು ಸರಿಯಾಗಲು ಐದು ತಿಂಗಳು ಬೇಕಾಯಿತು. ಮಾಜಿ ಗಂಡ ತಮ್ಮ ಒಬ್ಬರ ಸಂಬಳದ ಮೇಲೆ ಆ ಸಾಲವನ್ನು ಮತ್ತೆ ಮಂಜೂರು ಮಾಡಿಸಬೇಕಿತ್ತು, ಬ್ಯಾಂಕ್ ಅದನ್ನು ಹೊಸ ಸಾಲದ ಹಾಗೇ ಪರಿಶೀಲಿಸುತ್ತದೆ. ನಾನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಫ್ಲಾಟಿನ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟೆ. ಅದರ ಜೊತೆಗೇ ನನ್ನ ಹೆಸರು ತೆಗೆದದ್ದಕ್ಕೆ ಬ್ಯಾಂಕಿನಿಂದ ಪತ್ರ ತೆಗೆದುಕೊಂಡೆ. ಒಂದು ಮಾತು ನೆನಪಿಡಿ, ಸಾಲದಿಂದ ಹೆಸರು ಹೋಗುವುದಕ್ಕೆ ಮೊದಲು ಹಕ್ಕು ಬಿಟ್ಟುಕೊಡಬೇಡಿ. ಮನೆಯೂ ಇಲ್ಲ, ಸಾಲ ಮಾತ್ರ ನಿಮ್ಮ ತಲೆ ಮೇಲೆ ಅಂತ ಆಗುತ್ತದೆ. ಎರಡನ್ನೂ ಒಟ್ಟಿಗೇ ಮಾಡಿಸಿ.

ಇನ್ನು ವಯಸ್ಸಿನ ಪ್ರಶ್ನೆ. ಸಂಬಳದವರಿಗೆ ಹೆಚ್ಚಾಗಿ ನಿವೃತ್ತಿಯ ಒಳಗೆ ಸಾಲ ಮುಗಿಯಬೇಕು ಅಂತ ನೋಡುತ್ತಾರೆ. ಕೆಲವು ಬ್ಯಾಂಕುಗಳು 70ರ ತನಕವೂ ಕೊಡುತ್ತವೆ. 60 ಅಂತ ಹಿಡಿದರೆ ನಿಮಗೆ ಉಳಿದದ್ದು 14 ವರ್ಷ. ಬಡ್ಡಿ ಶೇಕಡಾ 8.5 ಇದ್ದರೆ 25 ಲಕ್ಷಕ್ಕೆ ತಿಂಗಳಿಗೆ ಸುಮಾರು 25,500 ಬರುತ್ತದೆ. ಇದೇ ಸಾಲ 20 ವರ್ಷಕ್ಕಾದರೆ 21,700. ವ್ಯತ್ಯಾಸ ಇಷ್ಟೇ. ಅದಕ್ಕಾಗಿ ಸುಮ್ನೆ ಹೆದರಬೇಡಿ, ಸಾಲದ ಮೊತ್ತ ಸ್ವಲ್ಪ ಇಳಿಸಿ. ನಾನು 38 ಲಕ್ಷದ ಫ್ಲಾಟಿಗೆ 25 ಲಕ್ಷ ಮಾತ್ರ ಸಾಲ ತೆಗೆದೆ. ಉಳಿದದ್ದು ಡಿವೋರ್ಸಿನಲ್ಲಿ ಬಂದ ಹಣ, ಪಿಎಫ್, ಮತ್ತೆ ಒಂಬತ್ತು ವರ್ಷ ದಿನಾ ಕಟ್ಟಿದ ಪಿಗ್ಮಿ. ಕೈಯಲ್ಲಿ ಹಣ ಬಂದಾಗ ಅಸಲಿಗೆ ಕಟ್ಟುತ್ತಿರಿ, ಬದಲಾಗುವ ಬಡ್ಡಿಯ ಮನೆ ಸಾಲಕ್ಕೆ ಮೊದಲೇ ಕಟ್ಟಿದರೆ ದಂಡ ಹಾಕುವ ಹಾಗಿಲ್ಲ.

ನೋಂದಣಿ ಖರ್ಚು ಬೇರೆ ಇಟ್ಟುಕೊಳ್ಳಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1 ಇದ್ದದ್ದು 2 ಆಗಿದೆ. ಸ್ಟಾಂಪ್ ಡ್ಯೂಟಿ, ಸೆಸ್ ಎಲ್ಲ ಸೇರಿ 40 ಲಕ್ಷದ ಹಳೆ ಫ್ಲಾಟಿಗೆ 3 ಲಕ್ಷ ದಾಟುತ್ತದೆ, ಇದು ಸಾಲದಲ್ಲಿ ಬರುವುದಿಲ್ಲ.

ನಮ್ಮ ಮಂಗಳೂರಿನದ್ದೇ ಒಂದು ತೊಡಕು ಉಂಟು, ಅದು ಮೂಲಗೇಣಿ. ನಾನು ಮೊದಲು ಮೆಚ್ಚಿದ್ದು ಪೇಟೆ ಒಳಗಿನ ಒಂದು ಫ್ಲಾಟ್. ಗಾಳಿ ಬೆಳಕು ಚೆನ್ನಾಗಿತ್ತು, ಬಾಲ್ಕನಿಯಿಂದ ಒಂದು ಹಲಸಿನ ಮರ ಕಾಣುತ್ತಿತ್ತು, ಮಗನಿಗೂ ಹಿಡಿಸಿತ್ತು. ದಾಖಲೆ ತೆಗೆದರೆ ಜಾಗ ಮೂಲಗೇಣಿಯದ್ದು, ಅಂದರೆ ಕಟ್ಟಿದವರಿಗೆ ಇದ್ದದ್ದು ಶಾಶ್ವತ ಗೇಣಿ ಹಕ್ಕು, ಜಾಗದ ಒಡೆಯರು ಬೇರೆ. ಬ್ಯಾಂಕಿನ ವಕೀಲರು ಒಪ್ಪಲಿಲ್ಲ. ಕೊಟ್ಟ ಮುಂಗಡ ವಾಪಸ್ ಪಡೆಯಲು ಮೂರು ಸಲ ಅಲೆದೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ಇಸಿ (ಆಸ್ತಿಯ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸುವ ಪತ್ರ), ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅಂತ ತೋರಿಸುವ ಆನ್‌ಲೈನ್ ದಾಖಲೆ), ಮೂಲ ಪತ್ರದ ಜೆರಾಕ್ಸ್ ಕೇಳಿ ಪಡೆದು ಒಬ್ಬ ವಕೀಲರಿಗೆ ತೋರಿಸಿ. ಅವರ ಫೀಸು ದಂಡ ಅಂತ ಅನಿಸಬಾರದು.

ವರ್ಷದ ಆದಾಯ 9 ಲಕ್ಷದ ಒಳಗಿದ್ದರೆ ಪ್ರಧಾನಮಂತ್ರಿ ಆವಾಸ್ ನಗರ 2.0 ಯೋಜನೆಯ ಬಡ್ಡಿ ಸಹಾಯಧನ ಕೇಳಿ ನೋಡಿ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷದ ಒಳಗೆ ಇರಬೇಕು, ಹೆಚ್ಚೆಂದರೆ 1.80 ಲಕ್ಷ ಸಿಗುತ್ತದೆ. ಆದರೆ ದೇಶದಲ್ಲಿ ಎಲ್ಲೂ ನಿಮ್ಮ ಹೆಸರಲ್ಲಿ ಪಕ್ಕಾ ಮನೆ ಇರಬಾರದು. ಅಲ್ಲೂ ಹಳೆ ಫ್ಲಾಟಿನ ಪ್ರಶ್ನೆಯೇ ಬರುತ್ತದೆ ನೋಡಿ.

ಸಾಲ ಮಂಜೂರಾಗುವ ದಿನ ಒಂದೇ ಕಂತಿನ ವಿಮೆ ಮಾಡಿಸಿ ಅಂತ ಒತ್ತಾಯ ಮಾಡಬಹುದು, ಅದರ ಹಣವನ್ನೂ ಸಾಲಕ್ಕೇ ಸೇರಿಸುತ್ತಾರೆ. ಕಡ್ಡಾಯ ಅಲ್ಲ. ಹಾಗಂತ ವಿಮೆ ಬೇಡ ಅಂತಲ್ಲ, ಮಗಳಿಗೆ ನೀವೊಬ್ಬರೇ ಆಧಾರ. ಹೊರಗೆ ಒಂದು ಟರ್ಮ್ ಪಾಲಿಸಿ (ಇಷ್ಟು ವರ್ಷದ ಒಳಗೆ ನಾವು ತೀರಿಕೊಂಡರೆ ಮಾತ್ರ ಮನೆಯವರಿಗೆ ಹಣ ಕೊಡುವ ಜೀವ ವಿಮೆ) ವಿಚಾರಿಸಿ, ಎರಡನ್ನೂ ಹೋಲಿಸಿ ನೋಡಿ.

ಹಳೆ ಜಾಯಿಂಟ್ ಸಾಲ ಇದೆಯೋ ಇಲ್ಲವೋ ಅಂತ ನೀವು ಬರೆದಿಲ್ಲ. ಸಿಬಿಲ್ ರಿಪೋರ್ಟ್ ವರ್ಷಕ್ಕೆ ಒಂದು ಸಲ ಉಚಿತವಾಗಿ ಸಿಗುತ್ತದೆ, ಇವತ್ತೇ ತೆಗೆದು ನೋಡಿ. ಅದರಲ್ಲಿ ಏನಾದರೂ ಕಂಡರೆ ಇಲ್ಲೇ ಬರೆಯಿರಿ, ನಾನು ಯಾವ ಕಾಗದ ಎಲ್ಲಿ ಕೊಟ್ಟೆ ಅಂತ ಒಂದೊಂದಾಗಿ ಹೇಳುತ್ತೇನೆ.